ಹುಲ್ಲು ಹೊರೆಯನ್ನೂ ಲೆಕ್ಕಕ್ಕೆ ಹಿಡಿಯಿರಿ: ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,

ನಮಸ್ಕಾರ.

30 ವರ್ಷ ದಾಟಿದವರ ಮನೆಬಾಗಿಲಿಗೆ ಆಶಾ ಕಾರ್ಯಕರ್ತೆಯರು ಒಂದು ಫಾರಂ ಹಿಡಿದು ಬರುತ್ತಾರೆ. ಬಿಪಿ, ಶುಗರ್‌ನಂಥ ಕಾಯಿಲೆ ಯಾರಿಗೆ ಬರುವ ಸಾಧ್ಯತೆ ಜಾಸ್ತಿ ಅಂತ ಮೊದಲೇ ಗುರುತಿಸುವ ಫಾರಂ ಅದು. ವಯಸ್ಸೆಷ್ಟು, ಬೀಡಿ ಸಿಗರೇಟು ಸೇದುತ್ತೀರಾ, ಕುಡಿಯುತ್ತೀರಾ, ಸೊಂಟದ ಸುತ್ತಳತೆ ಎಷ್ಟು, ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತಾ ಅಂತೆಲ್ಲ ಕೇಳುತ್ತಾರೆ. ಇವುಗಳ ನಡುವೆ ಒಂದು ಪ್ರಶ್ನೆ ಇದೆ. ವಾರಕ್ಕೆ ಕನಿಷ್ಠ 150 ನಿಮಿಷ ದೈಹಿಕ ಚಟುವಟಿಕೆ ಮಾಡುತ್ತೀರಾ? ಹೌದು ಅಂದರೆ ಸೊನ್ನೆ, ಇಲ್ಲ ಅಂದರೆ 1 ಅಂಕ. ಎಲ್ಲ ಕೂಡಿ 4 ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕು.

ಈ ಪತ್ರ ಆ ಒಂದು ಪ್ರಶ್ನೆಯ ಬಗ್ಗೆ.

ನಾನು ಕಾವೇರಿ ನಾಲೆ ಬಯಲಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಮಕ್ಕಳ ಬಾಯಲ್ಲಿ ಪಿಟಿ ಮೇಷ್ಟ್ರು. ಮೈ ದಂಡಿಸುವುದನ್ನು ಕಲಿಸುವುದಕ್ಕೇ ಸರ್ಕಾರ ನನಗೆ ಸಂಬಳ ಕೊಡುತ್ತದೆ. ಹಾಗಾಗಿ ಈ ಪ್ರಶ್ನೆಗೆ ನಮ್ಮೂರಿನವರು ಏನು ಉತ್ತರ ಕೊಡುತ್ತಾರೆ ಅನ್ನುವ ಕಡೆ ನನ್ನ ಕಿವಿ ಸ್ವಲ್ಪ ಜಾಸ್ತಿಯೇ ನಿಮಿರುತ್ತದೆ.

ಆಶಾ ಕಾರ್ಯಕರ್ತೆ ನಮ್ಮ ಮನೆಗೆ ಬಂದಾಗ ಅವ್ವ ಕೊಟ್ಟಿಗೆ ಮುಂದೆ ಹುಲ್ಲು ಹೊರೆ ಇಳಿಸಿ, ಸಿಂಬಿ ಬಿಚ್ಚಿ ಅದೇ ಬಟ್ಟೆಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಆಶಾ ನಮ್ಮ ಬೀದಿಯ ಹುಡುಗಿಯೇ. ಪ್ರಶ್ನೆ ಓದಿದಳು. ಅವ್ವ ನಕ್ಕುಬಿಟ್ಟಳು. "ಗೇಯೋದೇ ಆಯ್ತದೆ ಕಣವ್ವ, ಎಕ್ಸರ್‌ಸೈಜ್ ಮಾಡಾಕೆ ಪುರುಸೊತ್ತು ಎಲ್ಲೈತೆ?" ಇಲ್ಲ ಅನ್ನುವ ಕಡೆ ಟಿಕ್ ಬಿತ್ತು. ಪಕ್ಕದ ಮನೆಯಲ್ಲಿ ನನ್ನ ಓರಗೆಯವನೊಬ್ಬ ಬೈಕ್ ಮೇಲೆ ಕೂತೇ ಉತ್ತರ ಕೊಟ್ಟ. "ನಾವು ರೈತರು ಕಣಮ್ಮ, ನಮ್ಗೆ ದಿನಾ ಎಕ್ಸರ್‌ಸೈಜೇ." ಹೌದು ಅನ್ನುವ ಕಡೆ ಟಿಕ್ ಬಿತ್ತು.

ಎರಡೂ ತಪ್ಪು. ಅದರಲ್ಲಿ ಆ ಹುಡುಗಿಯದೇನೂ ತಪ್ಪಿಲ್ಲ. ಸುಮಾರು 1000 ಜನಸಂಖ್ಯೆಗೆ ಒಬ್ಬಳು ಆಶಾ. ಬೀದಿ ಬೀದಿ ತಿರುಗಿ, ಬಾಣಂತಿ ಮನೆಗೆ ಹೋಗಿ, ಸಾಲದ್ದಕ್ಕೆ ಮೊಬೈಲ್‌ನಲ್ಲಿ ಎಂಟ್ರಿ ಹಾಕಬೇಕು. ತನ್ನ ಫಾರಂ ತಾನೇ ತುಂಬುವಾಗ ಆ ತಿರುಗಾಟವನ್ನು ಅವಳು ಲೆಕ್ಕಕ್ಕೆ ಹಿಡಿದಳೋ ಇಲ್ಲವೋ, ಕೇಳಬೇಕು ಅಂದುಕೊಂಡು ಮರೆತೆ.

ದುಡಿಮೆ ವ್ಯಾಯಾಮವಾ ಅಂತ ನಮ್ಮ ಕಡೆ ಅರಳಿ ಕಟ್ಟೆ ಮೇಲೆ ಆಗಾಗ ಜಗಳ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಟ್ಟಿಗೆ ಅದು ಯಾವಾಗಲೋ ಮುಗಿದ ಜಗಳ. 2020ರ ಅವರ ಮಾರ್ಗಸೂಚಿ ಪ್ರಕಾರ ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರಿನ ಶ್ರಮ ಮಾಡಬೇಕು. ಅದು ಆಟದಲ್ಲೇ ಆಗಬೇಕು, ಪಾರ್ಕಿನಲ್ಲೇ ಆಗಬೇಕು ಅಂತಿಲ್ಲ. ಹೊಲದ ಕೆಲಸ, ಮನೆಗೆಲಸ, ನಡೆದು ಹೋಗಿ ಬರುವುದು ಎಲ್ಲವೂ ಸೇರುತ್ತದೆ. ಮೊದಲು ಒಂದೇ ಸಮ 10 ನಿಮಿಷವಾದರೂ ಮಾಡಿರಬೇಕು ಅನ್ನುವ ನಿಯಮ ಇತ್ತು. ಅದನ್ನೂ ಕೈಬಿಟ್ಟಿದ್ದಾರೆ. ಅಂದರೆ ನಮ್ಮ ಫಾರಂನಲ್ಲಿರುವ ಪ್ರಶ್ನೆಗೆ ಅವ್ವನ ಹುಲ್ಲು ಹೊರೆ ನ್ಯಾಯವಾದ ಉತ್ತರ.

ಇನ್ನೂ ಹಿಂದಕ್ಕೆ ಹೋದರೆ, ಮೈ ಅಲುಗಾಡಿಸುವುದಕ್ಕೂ ಹೃದಯಕ್ಕೂ ಇರುವ ನಂಟು ಮೊದಲು ಎದ್ದು ಕಂಡಿದ್ದೇ ದುಡಿಯುವವರಲ್ಲಿ. 1953ರಲ್ಲಿ ಜೆರ್ರಿ ಮಾರಿಸ್ ಅನ್ನುವ ಡಾಕ್ಟರು ಲಂಡನ್ನಿನ ಮಹಡಿ ಬಸ್ಸುಗಳ ಸಿಬ್ಬಂದಿಯನ್ನು ನೋಡಿದರು. ದಿನವಿಡೀ ಕೂತಿರುವ ಡ್ರೈವರ್‌ಗಳಿಗಿಂತ ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುವ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಅವರ್‍ಯಾರೂ ಜಿಮ್‌ಗೆ ಹೋದವರಲ್ಲ, ಟಿಕೆಟ್ ಹರಿದವರು. (ನಮ್ಮ ಕೆಂಪು ಬಸ್ಸಿಗೆ ಮಹಡಿ ಇಲ್ಲ. ಆದರೂ ಶಕ್ತಿ ಯೋಜನೆ ಬಂದ ಮೇಲೆ ಸೋಮವಾರ ಬೆಳಿಗ್ಗೆ ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ತೂರಿಕೊಂಡು ಹೋಗುವ ಕಂಡಕ್ಟರ್‌ನ ನೋಡಿದರೆ ಮಾರಿಸ್ ಸಾಹೇಬರು ಇನ್ನೊಂದು ಲೇಖನ ಬರೆಯುತ್ತಿದ್ದರೇನೋ.)

ಇಷ್ಟಕ್ಕೇ ನಿಲ್ಲಿಸಿ, ದುಡಿಯುವವರಿಗೆಲ್ಲ ಹೌದು ಅಂತ ಟಿಕ್ ಹಾಕಿ ಅಂದರೆ ನನ್ನ ಕೆಲಸ ಸುಲಭ. ಹಾಗೆ ಹೇಳುವುದಕ್ಕೆ ಆಗುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ.

ಓಟದ ಮಕ್ಕಳಿಗೆ ಮಾಡುವ ಹಾಗೆ ಅವ್ವನ ನಾಡಿ ಹಿಡಿದು ನೋಡಿದ್ದೇನೆ. 10 ಸೆಕೆಂಡ್ ಎಣಿಸಿ 6ರಿಂದ ಗುಣಿಸುವುದು. ಅವಳಿಗೀಗ 58. ಆ ವಯಸ್ಸಿಗೆ ಅಂದಾಜು ನಿಮಿಷಕ್ಕೆ 104ರಿಂದ 123ರ ಒಳಗೆ ನಾಡಿ ಬಡಿದರೆ ಮಧ್ಯಮ ಶ್ರಮ ಅನ್ನಬಹುದು. ಗದ್ದೆ ಬದುವಿನ ಮೇಲೆ ಹುಲ್ಲು ಕೊಯ್ದು, ಕಟ್ಟಿ, ಯಾರಾದರೂ ದಾರಿಯಲ್ಲಿ ಹೋಗುವವರನ್ನು ಕೂಗಿ ತಲೆ ಮೇಲೆ ಎತ್ತಿಸಿಕೊಂಡು, ನಾಲೆ ಏರಿ ಹತ್ತಿ ಮನೆಗೆ ಬಂದಳು. ಹೊರೆ ಇಳಿಸಿದ ತಕ್ಷಣ ನೋಡಿದರೆ 10 ಸೆಕೆಂಡಿಗೆ 19. ಅಂದರೆ 114. ಹೊರೆಯನ್ನು ತಕ್ಕಡಿಗೆ ನೇತು ಹಾಕಿದರೆ 28 ಕೆಜಿ. ನಮ್ಮ ಎಂಟನೇ ಕ್ಲಾಸಿನ ಹುಡುಗರು ಆ ಹೊರೆ ಹೊತ್ತು ಏರಿ ಹತ್ತಲಿ ನೋಡೋಣ.

ಅದೇ ಅವ್ವ ನಾಟಿ ಹಾಕುವಾಗ ಬದುವಿನ ಪಕ್ಕಕ್ಕೆ ಕರೆದು ನೋಡಿದೆ. 15. ಅಂದರೆ 90. ಬರೀ ನಿಂತು ಮಾತಾಡುವಾಗಿನದಕ್ಕಿಂತ ಒಂಚೂರು ಮೇಲೆ, ಅಷ್ಟೇ. ಆದರೆ ಸಂಜೆ ಮನೆಗೆ ಬಂದು "ಉಸ್ಸಪ್ಪಾ" ಅಂತ ಗೋಡೆಗೆ ಒರಗುವುದು ನಾಟಿ ದಿನವೇ, ಹುಲ್ಲು ತಂದ ದಿನವಲ್ಲ.

ನಾಡಿ ಹಿಡಿಯದೆ ಶ್ರಮ ಅಳೆಯುವುದಕ್ಕೆ ಒಂದು ಸುಲಭದ ದಾರಿ ಇದೆ. ವ್ಯಾಯಾಮ ಕಲಿಸುವವರಿಗೆಲ್ಲ ಗೊತ್ತಿರುವುದೇ. ಕೆಲಸ ಮಾಡುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಉಸಿರು ಅಷ್ಟು ಏರಿದರೆ ಮಧ್ಯಮ ಶ್ರಮ. ನಾಲ್ಕು ಮಾತಿಗೇ ನಿಂತು ಉಸಿರು ಎಳೆದುಕೊಳ್ಳಬೇಕಾದರೆ ಜೋರಿನ ಶ್ರಮ. ಈ ಅಳತೆ ಹಿಡಿದು ನೋಡಿ. ನಮ್ಮ ಹೆಂಗಸರಿಗೆ ಬೀಸುವಾಗ ಪದ ಇದೆ, ಕುಟ್ಟುವಾಗ ಪದ ಇದೆ, ನಾಟಿ ಹಾಕುವಾಗ ಪದ ಇದೆ. ಹೊರೆ ಹೊತ್ತು ಏರಿ ಹತ್ತುವಾಗ ಹಾಡುವ ಪದ ನಾನಂತೂ ಒಂದೂ ಕೇಳಿಲ್ಲ.

ಹಾಡುತ್ತಾ ಮಾಡುವ ಕೆಲಸ ಹಗುರ ಅಂತ ನಾನು ಹೇಳುತ್ತಿಲ್ಲ. ನಾಟಿಯಲ್ಲಿ ಹೃದಯಕ್ಕೆ ಆಗುವ ಕೆಲಸ ಕಡಿಮೆ, ಸೊಂಟಕ್ಕೆ ಆಗುವ ಹಿಂಸೆ ಜಾಸ್ತಿ. ಮಂಡಿಯುದ್ದ ಕೆಸರಲ್ಲಿ ನಿಂತು, ಎಡಗೈಯಲ್ಲಿ ಪೈರಿನ ಕಟ್ಟು ಹಿಡಿದು, ಬೆನ್ನು ಬಗ್ಗಿಸಿದವರು ತುದಿ ಮುಟ್ಟುವ ತನಕ ನೆಟ್ಟಗಾಗುವುದಿಲ್ಲ. ಸಾಲಿನಲ್ಲಿ ಒಬ್ಬಳು ನಿಂತರೆ ಅವಳ ಪಾಲು ಪಕ್ಕದವಳ ಮೇಲೆ ಬೀಳುತ್ತದೆ. ಹಾಗಾಗಿ ಯಾರೂ ನಿಲ್ಲುವುದಿಲ್ಲ. ಬೆಳಿಗ್ಗೆ ಇಳಿದರೆ ಊಟದ ಹೊತ್ತಿನ ತನಕ ಹಾಗೇ. ಯಾವ ಪಿಟಿ ಮೇಷ್ಟ್ರಾದರೂ ಮಕ್ಕಳನ್ನು ಅಷ್ಟು ಹೊತ್ತು ಬಗ್ಗಿಸಿ ನಿಲ್ಲಿಸಿದರೆ ಮಾರನೇ ದಿನ ಅಪ್ಪ ಅಮ್ಮ ಶಾಲೆಗೆ ಬಂದು ಕೊರಳ ಪಟ್ಟಿ ಹಿಡಿಯುತ್ತಾರೆ.

ಈಗ ಬೈಕ್ ಮೇಲೆ ಕೂತ ನನ್ನ ಗೆಳೆಯನ ವಿಷಯಕ್ಕೆ ಬರುತ್ತೇನೆ. ಅವನಪ್ಪ ಜೋಡೆತ್ತು ಕಟ್ಟಿ ಉಳುತ್ತಿದ್ದ. ಇವನು ಟ್ರ್ಯಾಕ್ಟರ್ ಬಾಡಿಗೆಗೆ ಕರೆಸುತ್ತಾನೆ. ಕಳೆಗೆ ಔಷಧಿ ಹೊಡೆಸುತ್ತಾನೆ. ಭತ್ತ ಕೊಯ್ಯಲು ಮಿಷನ್ ಬರುತ್ತದೆ. ಮೊದಲಾದರೆ ಪಂಪ್‌ಸೆಟ್ ಹಾಕಲು ಕರೆಂಟ್ ಬರುವ ಹೊತ್ತಿಗೆ ತೋಟದ ತನಕ ನಡೆಯಬೇಕಿತ್ತು. ಈಗ ಸ್ಟಾರ್ಟರ್‌ಗೆ ಸಿಮ್ ಹಾಕಿಸಿದ್ದಾನೆ. ಹಾಸಿಗೆ ಮೇಲೆ ಮಲಗಿಕೊಂಡೇ ಫೋನ್ ಮಾಡಿದರೆ ಮೋಟರ್ ಆನ್. ಇದನ್ನು ತಪ್ಪು ಅನ್ನಲಾರೆ. ರಾತ್ರಿ ಹೊತ್ತು ಹಾವು ತುಳಿಯುವುದು ತಪ್ಪಿತಲ್ಲ, ಒಳ್ಳೆಯದೇ. ಆದರೆ ಊಟ ಮಾತ್ರ ಅವನಪ್ಪನ ಕಾಲದ್ದೇ. ತಟ್ಟೆಯಲ್ಲಿ ಅದೇ ಎರಡು ಮುದ್ದೆ, ಮೇಲೆ ಅನ್ನ.

ಆ ಊಟದ ಲೆಕ್ಕ ಸರ್ಕಾರದ ಬಳಿಯೇ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಪಟ್ಟಿ ಪ್ರಕಾರ 65 ಕೆಜಿ ತೂಕದ ಗಂಡಸು ಕೂತು ಕೆಲಸ ಮಾಡುವವನಾದರೆ ದಿನಕ್ಕೆ 2110 ಕ್ಯಾಲೊರಿ ಸಾಕು. ಮಧ್ಯಮ ಕೆಲಸದವನಿಗೆ 2710. ಭಾರೀ ಕೆಲಸದವನಿಗೆ 3470. 55 ಕೆಜಿಯ ಹೆಂಗಸಿಗೆ ಇದೇ ಕ್ರಮದಲ್ಲಿ 1660, 2130, 2720. ಅನ್ನದ ಲೆಕ್ಕ ಹಾಕುವಾಗ ಯಾರು ಎಂಥ ಕೆಲಸ ಮಾಡುತ್ತಾರೆ ಅಂತ ಇಷ್ಟು ಬಿಡಿಸಿ ನೋಡುವವರು, ಕಾಯಿಲೆ ಲೆಕ್ಕ ಹಾಕುವಾಗ ಹೌದು, ಇಲ್ಲ ಅನ್ನುವ ಎರಡೇ ಮನೆ ಯಾಕೆ ಇಟ್ಟರು ಅಂತ ನನಗೆ ಅರ್ಥವಾಗಿಲ್ಲ.

ಅವ್ವನಿಗೆ ಇಲ್ಲ ಅಂತ ಬಿದ್ದದ್ದರಿಂದ ಮುಳುಗಿದ್ದೇನಿಲ್ಲ. ಒಂದು ಅಂಕ ಜಾಸ್ತಿ ಬಂತು, ತಪಾಸಣೆಗೆ ಬೇಗ ಕರೆದರು, ಅಷ್ಟೇ. ಬಿಪಿ ಇರುವುದು ಗೊತ್ತಾಯಿತು. "ಗೇಯೋ ಮೈಗೆ ಎಂಥ ಬಿಪಿ?" ಅಂತ ಅವಳಿಗೆ ಇವತ್ತಿಗೂ ಅನುಮಾನ. ಮಾತ್ರೆ ಅಂತೂ ನುಂಗುತ್ತಿದ್ದಾಳೆ. ಹೌದು ಅಂತ ಟಿಕ್ ಬಿದ್ದವನದೇ ಚಿಂತೆ. ಅವನ ಹೊಟ್ಟೆ ಬೈಕಿನ ಟ್ಯಾಂಕ್ ಮುಟ್ಟುತ್ತಿದೆ, ವಯಸ್ಸಿನ್ನೂ 50 ಆಗಿಲ್ಲ, ಅಂಕ 4 ದಾಟಲಿಲ್ಲ. ರೈತ ಅನ್ನುವ ಹೆಸರಿಗೇ ಅವನಿಗೊಂದು ಸೊನ್ನೆ ಸಿಕ್ಕಿತು.

2022ರ ಲೆಕ್ಕದಲ್ಲಿ ನಮ್ಮ ದೇಶದ ದೊಡ್ಡವರಲ್ಲಿ ಸುಮಾರು ಅರ್ಧ ಜನ ಸಾಕಷ್ಟು ಮೈ ಅಲುಗಾಡಿಸುವುದಿಲ್ಲ ಅಂತ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಗಳಲ್ಲೊಂದರಲ್ಲಿ ಬಂದಿತ್ತು. ಗಂಡಸರು 42%, ಹೆಂಗಸರು 57%. ಪೇಪರಿನಲ್ಲಿ ಓದಿದಾಗ ನನಗೆ ಪೂರ್ತಿ ನಂಬಿಕೆ ಬರಲಿಲ್ಲ, ಪೂರ್ತಿ ತಳ್ಳಿಹಾಕಲೂ ಆಗಲಿಲ್ಲ. ಮಿಕ್ಸಿ, ನಲ್ಲಿ, ಗ್ಯಾಸ್, ರಾಗಿ ಮಿಲ್ಲು ಬಂದ ಮೇಲೆ ಹೆಂಗಸರ ಮೈಗೆ ಬೀಳುತ್ತಿದ್ದ ಭಾರ ಎಷ್ಟೋ ಇಳಿದಿದೆ, ಅದು ನಿಜ. ಆದರೆ "ಏನು ಕೆಲಸ ಮಾಡ್ತೀಯಮ್ಮ?" ಅಂತ ಕೇಳಿದರೆ "ಏನಿಲ್ಲ, ಮನೇಲಿರ್ತೀನಿ" ಅನ್ನುವ ಹೆಂಗಸು ಅಷ್ಟೊತ್ತಿಗಾಗಲೇ ಎರಡು ಸೀಮೆ ಹಸುವಿನ ಸಗಣಿ ಬಾಚಿ, ಹಾಲು ಕರೆದು ಡೈರಿಗೆ ಹಾಕಿ ಬಂದಿರುತ್ತಾಳೆ. ಅವಳಾಗಿ ಅದನ್ನು ಹೇಳುವುದಿಲ್ಲ, ಕೇಳಬೇಕು.

ಪತ್ರ ಬರೆಯಲು ಕೂತಿದ್ದೇ ಮುಂದಿನ ಮಾತಿಗಾಗಿ. ಟೌನಿನ ಜಿಮ್‌ಗಳಲ್ಲಿ ಎರಡು ಕೈಯಲ್ಲೂ ಭಾರ ಹಿಡಿದು ನಡೆಯುವ ಒಂದು ವ್ಯಾಯಾಮ ಇದೆ. ಅದಕ್ಕೆ ಫಾರ್ಮರ್ಸ್ ವಾಕ್ ಅಂತಲೇ ಹೆಸರು. ತಿಂಗಳಿಗೆ ದುಡ್ಡು ಕಟ್ಟಿ ಮಾಡುತ್ತಾರೆ. ನಮ್ಮ ಹಮಾಲರು, ಗಾರೆ ಕೆಲಸದವರು, ನಮ್ಮವ್ವ ದುಡ್ಡಿಲ್ಲದೆ ಮಾಡುವುದೂ ಹೆಚ್ಚು ಕಡಿಮೆ ಅದೇ ಅಲ್ವಾ? ಮೇಲ್ನೋಟಕ್ಕೆ ಅದೇ. ಆದರೆ ಜಿಮ್ ಹುಡುಗ ಒಂದು ಸುತ್ತು ಹೋಗಿ ಬಂದು ಭಾರ ಕೆಳಗಿಡುತ್ತಾನೆ. ನೀರು ಕುಡಿಯುತ್ತಾನೆ. ಇವತ್ತು ಭುಜ ಹಿಡಿದಿದೆ ಅಂದರೆ ಕಾಲಿನ ವ್ಯಾಯಾಮ ಮಾಡುತ್ತಾನೆ. ಜ್ವರ ಬಂದರೆ ರಜ. ಭಾರವನ್ನು ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾನೆ. ಸಿಮೆಂಟ್ ಮೂಟೆ ಹೊರುವವನಿಗೆ ಮೊದಲ ದಿನವೂ 50 ಕೆಜಿ, ಕೊನೆಯ ದಿನವೂ 50 ಕೆಜಿ. ಅವನು ನಿಲ್ಲುವುದು ಲಾರಿ ಖಾಲಿಯಾದಾಗ.

ಯಾವಾಗ ನಿಲ್ಲಿಸಬೇಕು ಅನ್ನುವುದು ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಮೈಗೆ ಆಗುವ ಪರಿಣಾಮವೇ ಬದಲಾಗುತ್ತದೆ ಅಂತ ಡೆನ್ಮಾರ್ಕಿನ ಸಂಶೋಧಕರು ಬಹಳ ವರ್ಷದಿಂದ ವಾದಿಸುತ್ತಿದ್ದಾರೆ. 2021ರಲ್ಲಿ ಆಂಡ್ರಿಯಾಸ್ ಹಾಲ್ಟರ್‌ಮನ್ ಮತ್ತು ಜೊತೆಗಾರರು ಕೋಪನ್‌ಹೇಗನ್ನಿನ ಒಂದು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಬರೆದರು. ಬಿಡುವಿನ ಹೊತ್ತಿನಲ್ಲಿ ಜಾಸ್ತಿ ಮೈ ದಂಡಿಸುವವರಿಗೆ ಹೃದಯದ ತೊಂದರೆ ಕಡಿಮೆ ಇತ್ತು. ಕೆಲಸದಲ್ಲಿ ಜಾಸ್ತಿ ಮೈ ದಂಡಿಸುವವರಿಗೆ ಅದು ಜಾಸ್ತಿ ಇತ್ತು. ಕಾರಣ ಏನಿರಬಹುದು ಅಂದರೆ, ದುಡಿಮೆ ಗಂಟೆಗಟ್ಟಲೆ ನಡೆಯುತ್ತದೆ, ಅಷ್ಟು ಹೊತ್ತೂ ನಾಡಿ ಏರಿಯೇ ಇರುತ್ತದೆ. ಭಾರ ಎತ್ತುವಾಗ, ಒಂದೇ ಭಂಗಿಯಲ್ಲಿ ನಿಲ್ಲುವಾಗ ಬಿಪಿ ಏರುತ್ತದೆ. ಸುಧಾರಿಸಿಕೊಳ್ಳಲು ಬಿಡುವು ಸಿಗುವುದಿಲ್ಲ. ಈ ಮಾತನ್ನು ಒಪ್ಪದವರೂ ಇದ್ದಾರೆ. ಕೂಲಿ ಮಾಡುವವರಲ್ಲಿ ಬಡತನ, ಬೀಡಿ, ಸರಿಯಿಲ್ಲದ ಊಟ ಇವೂ ಸೇರಿರುತ್ತವೆ, ಅವನ್ನೆಲ್ಲ ಪೂರ್ತಿ ಬೇರ್ಪಡಿಸಿ ಅಳೆಯುವುದು ಕಷ್ಟ ಅನ್ನುತ್ತಾರೆ. ಅದೂ ಸರಿಯೇ. ಕೋಪನ್‌ಹೇಗನ್ ನಮ್ಮ ನಾಲೆ ಬಯಲೂ ಅಲ್ಲ. ಆದರೆ ಬಿಡುವಿನ ವಿಷಯದಲ್ಲಿ ಅವರು ಹೇಳಿದ್ದು ಸುಳ್ಳು ಅಂತ ನಮ್ಮೂರಿನ ಯಾವ ಹೆಂಗಸೂ ಹೇಳಲಾರಳು.

ಇಷ್ಟೆಲ್ಲ ಇರುವಾಗ ತಪಾಸಣೆ ಮುಗಿಸಿ ಹೊರಗೆ ಬಂದ ಹೆಂಗಸರಿಗೆ ಸಿಗುವ ಸಲಹೆ ಏನು? "ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ." ಎಲ್ಲರಿಗೂ ಅದೇ ಮಾತು. ಬ್ಯಾಂಕ್ ಮ್ಯಾನೇಜರ್‌ಗೂ ಅದೇ, ನಾಟಿ ಆಳಿಗೂ ಅದೇ.

ನಮ್ಮೂರಲ್ಲಿ ಒಬ್ಬ ಹೆಂಗಸು ಬರಿಗೈಯಲ್ಲಿ ರಸ್ತೆ ಮೇಲೆ ವಾಕಿಂಗ್ ಹೋಗುವುದನ್ನು ಊಹಿಸಿಕೊಳ್ಳಿ. ಕೈಯಲ್ಲಿ ಕುಡುಗೋಲಿಲ್ಲ, ತಲೆ ಮೇಲೆ ಕುಕ್ಕೆ ಇಲ್ಲ. ಮೊದಲನೇ ಮನೆಯಿಂದಲೇ ಶುರು. "ಎಲ್ಲಿಗ್ ಹೊಂಟೆ?" ಎಲ್ಲಿಗೂ ಇಲ್ಲ ಅಂದರೆ ಮುಗಿಯಿತು, ಸಂಜೆಯೊಳಗೆ ಊರಿಗೆಲ್ಲ ಸುದ್ದಿ. "ಗೇಯಾಕೆ ಮೈ ಬಗ್ಗಲ್ಲ, ವಾಕಿಂಗ್ ಹೊಂಟವ್ಳೆ." ಬೆಳಗಿನ ಜಾವ ಹೋಗೋಣ ಅಂದರೆ ಬೀದಿ ದೀಪ ಊರ ಬಾಗಿಲಿಗೇ ಮುಗಿಯುತ್ತದೆ, ಅಲ್ಲಿಂದ ಆಚೆ ನಾಯಿಗಳದ್ದೇ ರಾಜ್ಯ. ಇದನ್ನೆಲ್ಲ ದಾಟಿಕೊಂಡು ನಡೆದರೂ ಅವಳಿಗೆ ಹೊಸದಾಗಿ ಸಿಗುವುದೇನು? ನಡಿಗೆ ಅವಳಿಗೆ ಆಗಲೇ ಬೇಕಾದಷ್ಟಿದೆ. ಇಲ್ಲದಿರುವುದು ಬೆನ್ನನ್ನು ಹಿಂದಕ್ಕೆ ಬಗ್ಗಿಸುವ ಎರಡು ನಿಮಿಷ, ಮಧ್ಯಾಹ್ನ ಅಂಗಾತ ಮಲಗುವ ಕಾಲು ಗಂಟೆ.

ದುಡಿಯುವವರು ವ್ಯಾಯಾಮವೇ ಮಾಡಬೇಕಿಲ್ಲ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ವಿಜಯಪುರ, ಬಾಗಲಕೋಟೆ ಕಡೆ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಹುಡುಗರಲ್ಲಿ ಹೊಲದಲ್ಲಿ ದುಡಿಯುವವರೂ ಇದ್ದಾರೆ. ಹೊಲದ ಕೆಲಸ ಬೇರೆ, ಕಲ್ಲಿನ ಸಾಧನೆ ಬೇರೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ನಮ್ಮ ಹಳೇ ಮೈಸೂರು ಸೀಮೆಯ ಗರಡಿಮನೆಗಳಲ್ಲೂ ಹಾಗೇ ಇತ್ತು. ಗದ್ದೆ ಕೆಲಸ ಮುಗಿಸಿ ಬಂದವನೇ ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿಗೆ, ಇಳಿದು ಸಾಮು ಮಾಡುತ್ತಿದ್ದ. ಉಸ್ತಾದ್ ಸಾಕು ಅಂದರೆ ಸಾಕು. ಎಣ್ಣೆ ನೀವಿಸಿಕೊಂಡು, ಹಾಲು ಬಾದಾಮಿ ಕುಡಿದು ಮಲಗುವುದೂ ಸಾಮಿನ ಲೆಕ್ಕಕ್ಕೇ ಸೇರಿತ್ತು. ಆ ಎಣ್ಣೆ, ಆ ಹಾಲು ಅವನ ಅಕ್ಕನಿಗೋ ಹೆಂಡತಿಗೋ ಸಿಗುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಆ ಮಾತಿಗೆ ಇನ್ನೊಂದು ಪತ್ರ ಬೇಕು.

ಹಾಗಾದರೆ ನಿಮ್ಮಿಂದ ನಾನು ಕೇಳುವುದೇನು? ಫಾರಂ ದೆಹಲಿಯಿಂದ ಬಂದಿದ್ದು. ಅದನ್ನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲ ಅಂತ ಗೊತ್ತು. ಆದರೆ ಅದನ್ನು ಮನೆಬಾಗಿಲಲ್ಲಿ ಹೇಗೆ ಕೇಳಬೇಕು ಅಂತ ಆಶಾ ಸಭೆಯಲ್ಲಿ ಹೇಳಿಕೊಡುವುದು ನಿಮ್ಮ ಕೈಯಲ್ಲೇ ಇದೆ. 150 ನಿಮಿಷದ ಮಾತು ಕೊನೆಗಿರಲಿ. ನಿನ್ನೆ ಎದ್ದಾಗಿನಿಂದ ಮಲಗುವ ತನಕ ಏನೇನು ಮಾಡಿದಿರಿ ಅಂತ ಮೊದಲು ಕೇಳಲಿ. ಅದರಲ್ಲಿ ಯಾವುದಕ್ಕೆ ಉಸಿರು ಏರಿತು, ಎಷ್ಟು ಹೊತ್ತು ಅಂತ ಕೇಳಲಿ. ಇಷ್ಟು ಕೇಳಿದರೆ ಸಾಕು, ಯಾವ ಕಡೆ ಟಿಕ್ ಹಾಕಬೇಕು ಅಂತ ಅವರಿಗೇ ಗೊತ್ತಾಗುತ್ತದೆ. ಸುಗ್ಗಿಯಲ್ಲಿ ಒಂದು ಉತ್ತರ, ಬೇಸಿಗೆಯಲ್ಲಿ ಇನ್ನೊಂದು ಉತ್ತರ ಬರುತ್ತದೆ ಅನ್ನುವುದೂ ನೆನಪಿರಲಿ. ನಾಲೆಗೆ ನೀರು ನಿಂತ ಮೇಲೆ ನಮ್ಮ ಗಂಡಸರು ಎಷ್ಟೋ ಜನ ಇಸ್ಪೀಟ್ ಎಲೆ ಬಿಟ್ಟು ಬೇರೇನೂ ಎತ್ತುವುದಿಲ್ಲ.

ಸಲಹೆಯನ್ನೂ ಬೇರೆ ಬೇರೆ ಮಾಡಿ. ಬೈಕ್ ರೈತನಿಗೆ ವಾಕಿಂಗ್ ಹೇಳಿ, ಸ್ವಲ್ಪ ಗದರಿಸಿಯೇ ಹೇಳಿ. ನಾಟಿ, ಕಳೆ ಕೆಲಸದವರಿಗೆ ಸಾಲು ತುದಿ ಮುಟ್ಟಿದಾಗಲೆಲ್ಲ ಸೊಂಟಕ್ಕೆ ಕೈ ಕೊಟ್ಟು ಹಿಂದಕ್ಕೆ ಬಗ್ಗುವುದನ್ನು ಹೇಳಿಕೊಡಿ. ನಿಂತುಕೊಂಡೇ ಕಳೆ ತೆಗೆಯುವ ಕೋನೋ ವೀಡರ್‌ನಂಥ ಸಾಮಾನು ಬೇಕಾದರೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಅಂತ ಹೇಳಿ. ಸಾಲಾಗಿ ನಾಟಿ ಹಾಕಿದ ಗದ್ದೆಯಲ್ಲಿ ಅದು ಚೆನ್ನಾಗಿ ಓಡುತ್ತದೆ. ಒಂದು ದೊಡ್ಡ ಹೊರೆಗೆ ಬದಲು ಎರಡು ಸಣ್ಣ ಹೊರೆ ಅಂತ ಹೇಳಿ. ಅವ್ವನಿಗೆ ನಾನು ಹೇಳಿದರೆ "ಎರಡು ಸಲ ಏರಿ ಹತ್ತೋರು ಯಾರು, ನೀನಾ?" ಅನ್ನುತ್ತಾಳೆ. ಡಾಕ್ಟರ್ ಹೇಳಿದರೆ ಕೇಳಬಹುದು.

ಹಮಾಲರ ವಿಷಯದಲ್ಲಿ ಸಲಹೆಯಿಂದ ಕೆಲಸ ಆಗುವುದಿಲ್ಲ. ಒಬ್ಬ ಗಂಡಾಳಿಗೆ 55 ಕೆಜಿಗಿಂತ ಜಾಸ್ತಿ ಭಾರ ಹೊರಿಸಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಮೂಟೆ ಎಷ್ಟು ತೂಗಬೇಕು ಅಂತ ಹೊರುವವನು ತೀರ್ಮಾನ ಮಾಡುವುದಿಲ್ಲ. ಅದನ್ನು ನೀವು ಕಾರ್ಮಿಕ ಇಲಾಖೆಯವರ ಜೊತೆ, ಎಪಿಎಂಸಿಯವರ ಜೊತೆ ಕೂತು ಮಾತಾಡಬೇಕು. ಸೊಂಟ ನೋವು ಅಂತ ಬರುವ ಹಮಾಲನಿಗೆ ಮಾತ್ರೆ ಬರೆಯುವುದರ ಜೊತೆಗೆ ಅವನು ಏನು ಹೊರುತ್ತಾನೆ ಅಂತ ಚೀಟಿಯಲ್ಲಿ ಒಂದು ಸಾಲು ಬರೆದರೂ ಸಾಕು, ಮಾತಾಡುವಾಗ ಕೈಯಲ್ಲಿ ಲೆಕ್ಕ ಇರುತ್ತದೆ.

ನಾಡಿ ಎಣಿಸುವುದು, ಉಸಿರಿನ ಅಳತೆ, ಬೆನ್ನಿಗೆ ನಾಲ್ಕು ಸುಲಭದ ವ್ಯಾಯಾಮ ಇವನ್ನು ಆಶಾ ಕಾರ್ಯಕರ್ತೆಯರಿಗೆ ಹೇಳಿಕೊಡಲು ಅರ್ಧ ಗಂಟೆ ಸಾಕು. ಪ್ರತಿ ತಾಲೂಕಿನಲ್ಲೂ ನನ್ನಂಥ ಪಿಟಿ ಮೇಷ್ಟ್ರುಗಳು, ಟೀಚರ್‌ಗಳು ಇದ್ದಾರೆ. ಶನಿವಾರ ನಮಗೆ ಬೆಳಗಿನ ಶಾಲೆ. ಮಧ್ಯಾಹ್ನದ ಮೇಲೆ ನಿಮ್ಮ ಸಭೆ ಎಲ್ಲಿದ್ದರೂ ಬರುತ್ತೇನೆ. ಭತ್ಯೆ ಏನೂ ಬೇಡ. ಒಂದೇ ಕೋರಿಕೆ ಅಂದರೆ, ಸಭೆಯನ್ನು ನಾಟಿ ಮುಗಿದ ಮೇಲೆ ಇಟ್ಟುಕೊಳ್ಳಿ. ನಮ್ಮ ಕಡೆಯ ಆಶಾಗಳಲ್ಲಿ ಅರ್ಧ ಜನ ಆ ಹೊತ್ತಿನಲ್ಲಿ ಗದ್ದೆಯಲ್ಲಿರುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ನಾಲೆ ಬಯಲಿನ ಒಬ್ಬ ಪಿಟಿ ಮೇಷ್ಟ್ರು